ಆರೋಪಿ ಗೈರುಹಾಜರು

ದಿನ ತುಂಬದೆ ಹುಟ್ಟಿದ ಕೂಸಿನ ಕರುಳು ಕೊಳೆತುಹೋಗುವುದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗೆ ಅಮೆರಿಕ ಕೊನೆಗೂ ಉತ್ತರ ಕಂಡುಕೊಂಡಿದೆ. ಕೂಸಿಗೆ ಕುಡಿಸಿದ ಡಬ್ಬಿ ಹಾಲಿನ ತಪ್ಪಿಲ್ಲವಂತೆ. ತಪ್ಪೆಲ್ಲ ಕುಡಿಸದೇ ಬಿಟ್ಟ ಎದೆಹಾಲಿನದಂತೆ. ಸ್ಥಳದಲ್ಲಿ ಇದ್ದವನು ನಿರಪರಾಧಿ, ಇಲ್ಲದವನೇ ಅಪರಾಧಿ.

2024ರ ಅಕ್ಟೋಬರ್ 3ರಂದು ಆ ದೇಶದ ಎಫ್‌ಡಿಎ, ಸಿಡಿಸಿ ಮತ್ತು ಎನ್‌ಐಎಚ್ ಎಂಬ ಮೂರು ಘನ ಸರ್ಕಾರಿ ಆರೋಗ್ಯ ಸಂಸ್ಥೆಗಳು ಸೇರಿ ಒಂದು ಹೇಳಿಕೆ ಹೊರಡಿಸಿದವು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆಂದೇ ತಯಾರಿಸಿದ ಫಾರ್ಮುಲಾ, ಅಂದರೆ ಡಬ್ಬಿ ಹಾಲು, ಈ ಕರುಳಿನ ಕಾಯಿಲೆ ತರುತ್ತದೆ ಎನ್ನಲು ಖಚಿತ ಪುರಾವೆ ಇಲ್ಲ; ಎದೆಹಾಲು ಕಾಪಾಡುತ್ತದೆ ಎನ್ನಲು ಗಟ್ಟಿ ಪುರಾವೆ ಇದೆ; ಆದ್ದರಿಂದ ಅಪಾಯದ ನಂಟು ಫಾರ್ಮುಲಾ ಕೊಟ್ಟದ್ದಕ್ಕಿಂತ ಎದೆಹಾಲು ಸಿಗದ್ದರೊಂದಿಗೇ ಇರುವಂತೆ ಕಾಣುತ್ತದೆ. ಇಷ್ಟು ಅದರ ಸಾರ. ವಿಜ್ಞಾನದ ಮಾತಾಗಿ ಇದನ್ನು ತಳ್ಳಿಹಾಕುವಂತಿಲ್ಲ. ವಿಜ್ಞಾನಿಗಳು ತಮಗೆ ಗೊತ್ತಿದ್ದಷ್ಟನ್ನು ಅಳೆದು ತೂಗಿ ಹೇಳಿದರು. ಆದರೆ ಕಂಪನಿಗಳ ವಕೀಲರ ಕಿವಿಗೆ ಅದು ಆಕಾಶವಾಣಿಯಂತೆ ಕೇಳಿಸಿತು.

ಕೇಳಿಸದೆ ಇರುತ್ತದೆಯೇ? ಗೈರುಹಾಜರಿಯಷ್ಟು ಅನುಕೂಲದ ಆರೋಪಿ ಮತ್ತೊಬ್ಬನಿಲ್ಲ. ಕೋರ್ಟಿನ ಬಾಗಿಲಲ್ಲಿ ಮೂರು ಸಲ ಕೂಗಿಸಿದರೂ ಅವನು ಬರುವುದಿಲ್ಲ. ಬರದೆ ಇರುವುದೇ ಅವನ ಕಸುಬು. ಅವನ ಮೇಲೆ ಸಮನ್ಸ್ ಜಾರಿಯಾಗದು. ಜಪ್ತಿ ಮಾಡೋಣವೆಂದರೆ ಆಸ್ತಿಯಿಲ್ಲ, ಷೇರುಪೇಟೆಯಲ್ಲಿ ಹೆಸರಿಲ್ಲ, ಪಾಟೀಸವಾಲಿಗೆ ಬಾಯಿಲ್ಲ.

ಕಾಯಿಲೆಯ ಹೆಸರು ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್. ಎನ್‌ಐಸಿಯುಗಳಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ) ಅದನ್ನು ಎನ್‌ಇಸಿ ಅಂತಲೋ 'ನೆಕ್' ಅಂತಲೋ ಕರೆಯುತ್ತಾರೆ. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳಲ್ಲಿ ಸುಮಾರು ಶೇ 7ರಷ್ಟಕ್ಕೆ ಇದು ತಗಲುತ್ತದೆ. ತಗಲಿದವರಲ್ಲಿ ಶೇ 20ರಿಂದ 30ರಷ್ಟು ಮಕ್ಕಳು ಸಾಯುತ್ತವೆ. ಹೊಟ್ಟೆ ಉಬ್ಬುತ್ತದೆ, ಮಲದಲ್ಲಿ ರಕ್ತ ಕಾಣಿಸುತ್ತದೆ, ಕರುಳಿನ ಗೋಡೆ ಸತ್ತು ತೂತು ಬೀಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮಗು ಸಂಜೆಗೆ ಆಪರೇಷನ್ ಮೇಜಿನ ಮೇಲಿರಬಹುದು. ಬದುಕಿ ಉಳಿದರೂ ಕರುಳು ಪೂರ್ತಿ ಉಳಿದಿರುತ್ತದೆ ಎನ್ನುವಂತಿಲ್ಲ. ತಾಯಿಯ ಎದೆಹಾಲೂ ಸಂಪೂರ್ಣ ರಕ್ಷಾಕವಚವಲ್ಲ. ಅದನ್ನೇ ಕುಡಿದ ಮಕ್ಕಳಿಗೂ ಈ ರೋಗ ಬಂದದ್ದಿದೆ. ಆದರೆ ಎಷ್ಟು ಮಕ್ಕಳಿಗೆ ಎಂಬ ಲೆಕ್ಕದಲ್ಲೇ ಕಥೆಯೆಲ್ಲ ಅಡಗಿದೆ.

ಆ ಲೆಕ್ಕ ಹೊಸದೇನಲ್ಲ. 1990ರಲ್ಲೇ ಬ್ರಿಟನ್ನಿನ ಲ್ಯೂಕಸ್ ಮತ್ತು ಕೋಲ್ ಎಂಬ ಸಂಶೋಧಕರು 926 ಅವಧಿಪೂರ್ವ ಶಿಶುಗಳನ್ನು ಗಮನಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು: ಬರೀ ಫಾರ್ಮುಲಾ ಕುಡಿದ ಮಕ್ಕಳಲ್ಲಿ ಈ ರೋಗ, ಬರೀ ಎದೆಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು. 2024ರ ಜನವರಿಯಲ್ಲಿ ಅಮೆರಿಕದ್ದೇ ಇನ್ನೊಂದು ಅಧ್ಯಯನ ಹೊರಬಂತು. ಅತಿ ಬೇಗ ಹುಟ್ಟಿದ 483 ಮಕ್ಕಳಲ್ಲಿ ಕೆಲವರಿಗೆ ದಾನಿ ತಾಯಂದಿರ ಹಾಲು, ಉಳಿದವರಿಗೆ ಅವಧಿಪೂರ್ವ ಮಕ್ಕಳ ಫಾರ್ಮುಲಾ. ದಾನದ ಹಾಲು ಕುಡಿದವರಲ್ಲಿ ಎನ್‌ಇಸಿ ಶೇ 4.2, ಫಾರ್ಮುಲಾ ಕುಡಿದವರಲ್ಲಿ ಶೇ 9. ಫಾರ್ಮುಲಾದ ಮಕ್ಕಳು ಬೇಗ ತೂಕ ಹಾಕಿದರು ಎಂಬುದೂ ನಿಜ. ತೂಕದ ಚೀಟಿ ತೊಟ್ಟಿಲಿಗೆ ನೇತಾಡುತ್ತದೆ; ಎಲ್ಲರೂ ಓದುತ್ತಾರೆ. ಕರುಳಿನ ಚೀಟಿ ಹೊಟ್ಟೆಯೊಳಗಿರುತ್ತದೆ.

ಈ ಲೆಕ್ಕವನ್ನು ಹಿಡಿದು ತಾಯಂದಿರು ಕೋರ್ಟಿಗೆ ಹೋದರು. ಅವರ ದೂರು ಸರಳ: ಇಷ್ಟು ಗೊತ್ತಿದ್ದೂ ನಮಗೇಕೆ ಹೇಳಲಿಲ್ಲ? 2024ರ ಮಾರ್ಚ್‌ನಲ್ಲಿ ಇಲಿನಾಯ್ ರಾಜ್ಯದ ಒಂದು ಜ್ಯೂರಿ ಎನ್‌ಫಮಿಲ್ ತಯಾರಿಸುವ ಮೀಡ್ ಜಾನ್ಸನ್ ಕಂಪನಿಗೆ 6 ಕೋಟಿ ಡಾಲರ್ ಪರಿಹಾರ ವಿಧಿಸಿತು. ಜುಲೈನಲ್ಲಿ ಸೇಂಟ್ ಲೂಯಿಸ್ ನಗರದ ಜ್ಯೂರಿ ಸಿಮಿಲ್ಯಾಕ್ ತಯಾರಿಸುವ ಅಬಾಟ್‌ಗೆ 49.5 ಕೋಟಿ ಡಾಲರ್ ಎಂದಿತು. ಅಕ್ಟೋಬರ್ ಕೊನೆಯಲ್ಲಿ ಅದೇ ಊರಿನ ಇನ್ನೊಂದು ಜ್ಯೂರಿ ಎರಡೂ ಕಂಪನಿಗಳನ್ನು ಬಿಟ್ಟುಕಳಿಸಿತು. ಆಮೇಲೆ ನ್ಯಾಯಾಧೀಶರು ಆ ವಿಚಾರಣೆಯೇ ಸರಿಯಾಗಿ ನಡೆದಿಲ್ಲ, ಹೊಸದಾಗಿ ನಡೆಯಲಿ ಎಂದರು. ಎರಡೂ ಕಂಪನಿಗಳು ತಮ್ಮ ತಪ್ಪಿಲ್ಲವೆಂದೇ ಹೇಳುತ್ತ ಬಂದಿವೆ.

ಮೀಡ್ ಜಾನ್ಸನ್‌ನ ಮಾಲೀಕರು ನಮಗೆ ಅಪರಿಚಿತರೇನಲ್ಲ. ನಮ್ಮ ಗಾಯಕ್ಕೆ ಡೆಟಾಲ್, ನಮ್ಮ ಪಾಯಿಖಾನೆಗೆ ಹಾರ್ಪಿಕ್ ಒದಗಿಸುವ ಬ್ರಿಟನ್ನಿನ ರೆಕಿಟ್ ಅವರೇ. ಮಾರ್ಚ್‌ನ ತೀರ್ಪು ಬಂದದ್ದೇ ರೆಕಿಟ್ ಷೇರು ಶೇ 15ರ ಆಸುಪಾಸು ಕುಸಿಯಿತು. ಆಗ ನೋಡಬೇಕಿತ್ತು ಕಾಳಜಿಯನ್ನು! ವಿಶ್ಲೇಷಕರು ನಾಡಿ ಹಿಡಿದರು, ಹೂಡಿಕೆದಾರರು ಗಳಿಗೆಗೊಮ್ಮೆ ಗ್ರಾಫ್ ನೋಡಿದರು, ಆಡಳಿತ ಮಂಡಳಿ ಎಡೆಬಿಡದೆ ಉಪಚರಿಸಿತು. ದಿನ ತುಂಬಿ, ಮೈತುಂಬಿಕೊಂಡು ಹುಟ್ಟಿದ ಷೇರೊಂದಕ್ಕೆ ಸಿಕ್ಕಿದ ಈ ತುರ್ತು ನಿಗಾ ಎಷ್ಟು ಮಕ್ಕಳಿಗೆ ಸಿಕ್ಕಿದೆಯೋ!

ಅಬಾಟ್‌ನವರ ವಾದ ಇನ್ನೂ ಸೊಗಸು. ಅವಧಿಪೂರ್ವ ಮಕ್ಕಳ ಈ ಉತ್ಪನ್ನಗಳಿಂದ ತಮಗೆ ಬರುವುದು ವರ್ಷಕ್ಕೆ ಸುಮಾರು 90 ಲಕ್ಷ ಡಾಲರ್ ಮಾತ್ರ ಎಂದರು. ಒಟ್ಟು ವಹಿವಾಟು 4,000 ಕೋಟಿ ಡಾಲರ್ ಇರುವ ಕಂಪನಿಗೆ ಇದು ಚಿಲ್ಲರೆ. ಅಂದರೆ ಪಾಪ, ಸೇವೆ ಮಾಡುತ್ತಿದ್ದಾರೆ. ಸೇವೆಗೆ ದಾವೆ ಹೂಡಿದರೆ ಸೇವೆಯೇ ನಿಂತೀತು, ಆಮೇಲೆ ಎದೆಹಾಲಿಲ್ಲದ ಮಕ್ಕಳ ಗತಿಯೇನು ಎಂಬ ಎಚ್ಚರಿಕೆಯೂ ಬಂತು. ಆ ಎಚ್ಚರಿಕೆಯಲ್ಲಿ ಸತ್ಯವಿದೆ. ತಾಯಿ ತೀರಿಕೊಂಡ, ತಾಯಿಗೆ ಕಾಯಿಲೆಯಾದ, ದಾನದ ಹಾಲು ಎಟುಕದ ಎಷ್ಟೋ ಕೂಸುಗಳನ್ನು ಡಬ್ಬಿ ಹಾಲು ಬದುಕಿಸಿದೆ. ಆದರೆ ಲಾಭವಿಲ್ಲದ ಈ ಬಾಟಲಿಗಳನ್ನು ಆಸ್ಪತ್ರೆಗಳಿಗೆ ಪುಕ್ಕಟೆಯಾಗಿಯೋ ಚಿಲ್ಲರೆ ಕಾಸಿಗೋ ಒದಗಿಸಲು ಕಂಪನಿಗಳು ಪೈಪೋಟಿ ನಡೆಸುವುದೇಕೆ? ಆಸ್ಪತ್ರೆಯಲ್ಲಿ ಮಗುವಿನ ತುಟಿಗೆ ತಾಗಿದ ಬ್ರ್ಯಾಂಡೇ ಮನೆಗೂ ಬರುತ್ತದೆ. ಮನೆಗೆ ಬಂದ ಮೇಲೆ ಚಿಲ್ಲರೆ ಬೆಲೆ ಇರುವುದಿಲ್ಲ.

ಹೀಗೆ ಗೈರುಹಾಜರಿ ತಾನಾಗಿ ಹುಟ್ಟುವುದಿಲ್ಲ. ಅದನ್ನೂ ತಯಾರಿಸಬೇಕು, ಪ್ಯಾಕ್ ಮಾಡಬೇಕು, ಮನೆಮನೆಗೆ ತಲುಪಿಸಬೇಕು. ಈ ಉದ್ಯಮಕ್ಕೆ ಒಂದೂವರೆ ಶತಮಾನದ ಅನುಭವವಿದೆ.

1867ರಲ್ಲಿ ಹೆನ್ರಿ ನೆಸ್ಲೆ ತನ್ನ ಹಾಲುಹಿಟ್ಟನ್ನು ಮೊದಲು ಕೊಟ್ಟು ಹೆಸರು ಮಾಡಿದ್ದು, ತಿಂಗಳು ಮುಂಚೆ ಹುಟ್ಟಿ ತಾಯಿಯ ಹಾಲನ್ನು ಒಲ್ಲದಿದ್ದ 15 ದಿನದ ಕೂಸಿಗೆ. ಕೂಸು ಬದುಕಿತು, ಕಂಪನಿಯೂ ಬದುಕಿತು. ವ್ಯಾಪಾರದ ಮೊಟ್ಟಮೊದಲ ಜಾಹೀರಾತೇ ದಿನ ತುಂಬದ ಮಗು! ಆದರೆ ಎದೆಹಾಲು ಒಲ್ಲದ ಕೂಸುಗಳು ಎಷ್ಟು ಸಿಕ್ಕಾವು? ಅಷ್ಟರಿಂದ ಕಾರ್ಖಾನೆ ನಡೆಯುವುದಿಲ್ಲ. ಆದ್ದರಿಂದ ಎದೆಹಾಲು ಒಲ್ಲದ ತಾಯಂದಿರನ್ನು, ಎದೆಹಾಲು ಸಾಲದೆಂದು ನಂಬಿದ ತಾಯಂದಿರನ್ನು ತಯಾರು ಮಾಡಬೇಕಾಯಿತು. ಆಫ್ರಿಕಾದಲ್ಲಿ, ಏಷ್ಯಾದಲ್ಲಿ ಡಬ್ಬಿ ಮಾರುವ ಹೆಣ್ಣುಮಕ್ಕಳು ನರ್ಸಿನ ಬಿಳಿ ಉಡುಪು ತೊಟ್ಟು ಬಾಣಂತಿಯರ ಬಳಿ ಹೋದರು. ಸಲಹೆ ಪುಕ್ಕಟೆ, ಮೊದಲ ಡಬ್ಬಿಯೂ ಪುಕ್ಕಟೆ. ಆ ಡಬ್ಬಿ ಮುಗಿಯುವ ಹೊತ್ತಿಗೆ ಎದೆಯಲ್ಲಿ ಹಾಲು ಬತ್ತಿರುತ್ತಿತ್ತು. ಕುಡಿಸಿದಷ್ಟೂ ಊರುವುದು, ನಿಲ್ಲಿಸಿದರೆ ಇಂಗುವುದು ಅದರ ಗುಣ. ಎರಡನೆಯ ಡಬ್ಬಿಗೆ ದುಡ್ಡು ಕೊಡಬೇಕಿತ್ತು.

ಇದನ್ನು ನೋಡಿ ಹೊಟ್ಟೆ ಉರಿದವರು ಇರಲಿಲ್ಲವೆಂದಲ್ಲ. ಡಾ. ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ 'ಹಾಲು ಮತ್ತು ಕೊಲೆ' ಎಂಬ ಹೆಸರಿಟ್ಟೇ ಭಾಷಣ ಮಾಡಿದರು. ರೋಟರಿ ಸಭೆಯಲ್ಲಿ ಅಂಥ ತಲೆಬರಹ! 1974ರಲ್ಲಿ ಬ್ರಿಟನ್ನಿನ ಒಂದು ಸಂಸ್ಥೆ ಈ ವ್ಯಾಪಾರದ ಬಗ್ಗೆ ಕಿರುಹೊತ್ತಗೆ ತಂದಿತು. ಸ್ವಿಟ್ಜರ್ಲೆಂಡಿನ ಯುವಕರು ಅದನ್ನು ಜರ್ಮನ್ ಭಾಷೆಗೆ ತಂದು, ನೆಸ್ಲೆ ಮಕ್ಕಳನ್ನು ಕೊಲ್ಲುತ್ತಿದೆ ಎಂದು ಮುಖಪುಟದಲ್ಲೇ ಅಚ್ಚು ಹಾಕಿದರು. ನೆಸ್ಲೆ ಮಾನನಷ್ಟದ ದಾವೆ ಹೂಡಿತು. 1976ರಲ್ಲಿ ಕೋರ್ಟು ಆ ಯುವಕರಿಗೆ ತಲಾ 300 ಫ್ರಾಂಕ್ ದಂಡ ಹಾಕಿತು. ಜತೆಗೆ ಕಂಪನಿಯು ತನ್ನ ಪ್ರಚಾರದ ರೀತಿಯನ್ನು ಬುಡಸಮೇತ ಬದಲಿಸಿಕೊಳ್ಳಬೇಕೆಂದೂ ಹೇಳಿತು. ಕಂಪನಿ ಮಾನ ಗೆದ್ದುಕೊಂಡಿತು. ಎಷ್ಟು ಮಾನ ಎಂದರೆ, ಮರುವರ್ಷವೇ ಅಮೆರಿಕದಲ್ಲಿ ಅದರ ಸರಕುಗಳ ಬಹಿಷ್ಕಾರ ಶುರುವಾಯಿತು.

1981ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ, ಎದೆಹಾಲಿನ ಬದಲಿ ಆಹಾರವನ್ನು ಹೇಗೆ ಮಾರಬಾರದು ಎಂಬ ಸಂಹಿತೆಯನ್ನು ಮತಕ್ಕೆ ಹಾಕಿತು. ಪರವಾಗಿ 118 ದೇಶ, ವಿರುದ್ಧ ಒಂದೇ ಒಂದು. ಆ ಒಂದು ಯಾವುದೆಂದು ಹೇಳಬೇಕೆ? ಇವತ್ತು ಎದೆಹಾಲಿನ ಗೈರುಹಾಜರಿಗಾಗಿ ಮರುಗುತ್ತಿರುವ ಅಮೆರಿಕವೇ. 2018ರಲ್ಲಿ ಜಿನೀವಾ ಸಭೆಯಲ್ಲಿ ಎದೆಹಾಲಿನ ಪರವಾದ ನಿರ್ಣಯ ಮಂಡಿಸಲು ಹೊರಟ ಈಕ್ವೆಡಾರ್ ಎಂಬ ಪುಟ್ಟ ದೇಶವನ್ನು ಅಮೆರಿಕದ ನಿಯೋಗ ಎಷ್ಟು ಬೆದರಿಸಿತೆಂದರೆ, ಅದು ಹಿಂದೆ ಸರಿಯಿತು ಎಂದು ಅಮೆರಿಕದ ಪತ್ರಿಕೆಗಳೇ ಬರೆದವು. ಕೊನೆಗೆ ನಿರ್ಣಯವನ್ನು ಕೈಗೆತ್ತಿಕೊಂಡದ್ದು ರಷ್ಯಾ. ರಷ್ಯಾದ ಬಾಯಲ್ಲಿ ತಾಯಿಹಾಲಿನ ಮಾತು ಆಡಿಸಿದ ಕೀರ್ತಿಯೂ ಅಮೆರಿಕಕ್ಕೇ ಸಲ್ಲಬೇಕು.

ಆ ದೇಶದಲ್ಲಿ ಹೆರಿಗೆಯ ಕಥೆಯನ್ನೂ ಕೇಳಬೇಕು. ದೇಶವ್ಯಾಪಿಯಾಗಿ ಸಂಬಳಸಹಿತ ಹೆರಿಗೆ ರಜೆ ಕೊಡುವ ಕೇಂದ್ರ ಕಾನೂನೇ ಅಲ್ಲಿಲ್ಲ. 1993ರ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗಲ್ಲ. ಏಳನೇ ತಿಂಗಳಲ್ಲಿ ಹೆತ್ತವಳ ಕೂಸು ಗಾಜಿನ ಪೆಟ್ಟಿಗೆಯಲ್ಲಿ ಎರಡು ತಿಂಗಳು ಮಲಗಿರುವಾಗ ಅವಳು ಅಂಗಡಿಯ ಗಲ್ಲಾದಲ್ಲಿ ಕೂತಿರುತ್ತಾಳೆ; ರಜೆಯನ್ನು ಮಗು ಮನೆಗೆ ಬಂದ ಮೇಲೆ ಖರ್ಚು ಮಾಡೋಣವೆಂದು ಉಳಿಸಿಟ್ಟಿರುತ್ತಾಳೆ. ದಿನ ತುಂಬದ ಕೂಸಿನ ತಾಯಿ ಹಾಲು ಉಳಿಸಿಕೊಳ್ಳಬೇಕಾದರೆ ಮೊದಲ ಗಂಟೆಗಳಲ್ಲೇ ಶುರುಮಾಡಿ ದಿನಕ್ಕೆ ಎಂಟು ಸಲವಾದರೂ ಹಿಂಡಿ ತೆಗೆಯಬೇಕು. ಗಲ್ಲಾದ ಮುಂದೆ ಕ್ಯೂ ನಿಂತ ಗಿರಾಕಿಗಳ ನಡುವೆ ಎಂಟು ಸಲ! ಹಾಲು ಬತ್ತುತ್ತದೆ. ಬತ್ತಿದ ಮೇಲೆ ಮೂರು ಸಂಸ್ಥೆಗಳ ಹೇಳಿಕೆ ಬರುತ್ತದೆ: ಕಾರಣ, ಎದೆಹಾಲಿನ ಗೈರುಹಾಜರಿ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದು ನಮ್ಮ ಕಡೆ ಇದಕ್ಕೇ ಹೇಳುವುದು.

ನಾವು ಮೀಸೆ ತಿರುವುವ ಹಾಗೂ ಇಲ್ಲ. 2020ರಲ್ಲಿ ಜಗತ್ತಿನಲ್ಲಿ ಅವಧಿಗೆ ಮುನ್ನ ಹುಟ್ಟಿದ 1.34 ಕೋಟಿ ಮಕ್ಕಳಲ್ಲಿ 30 ಲಕ್ಷ ನಮ್ಮವು. ಈ ಪಟ್ಟಿಯಲ್ಲಿ ನಾವೇ ವಿಶ್ವಗುರು.

ಕಾನೂನಿನಲ್ಲಂತೂ ನಾವು ಬಡವರಲ್ಲ. ಶಿಶು ಹಾಲಿನ ಬದಲಿಗಳ ಕಾಯ್ದೆ 1992ರಲ್ಲೇ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರಕ್ಕೆ ಜಾಹೀರಾತಿಲ್ಲ, ಉಚಿತ ಸ್ಯಾಂಪಲ್ ಇಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರವಿಲ್ಲ, ವೈದ್ಯರಿಗೆ ಉಡುಗೊರೆಯಿಲ್ಲ, ಅವರ ಸಮ್ಮೇಳನಗಳಿಗೆ ಪ್ರಾಯೋಜಕತ್ವವಿಲ್ಲ. ಸಾಲದೆಂದು, ತಾಯಿಯ ಹಾಲೇ ಮಗುವಿಗೆ ಅತ್ಯುತ್ತಮ ಎಂದು ಡಬ್ಬಿಯೇ ದಪ್ಪಕ್ಷರದಲ್ಲಿ ಸಾರಬೇಕು. ಎದುರಾಳಿಯ ಗುಣಗಾನವನ್ನು ಎದೆಗೆ ಅಂಟಿಸಿಕೊಂಡು ಓಟು ಕೇಳುವ ಅಭ್ಯರ್ಥಿ ಇದೊಂದೇ ಇರಬೇಕು. ಗೆಲ್ಲುತ್ತಲೂ ಇದೆ. ನಿಯಮ ಮುರಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಗತ್ತಿನಾದ್ಯಂತ ವರ್ಷಕ್ಕೆ 5,500 ಕೋಟಿ ಡಾಲರ್ ವಹಿವಾಟು ನಡೆಸುವ ಉದ್ಯಮ 5,000 ರೂಪಾಯಿ ಎಂಬ ಮೊತ್ತ ಕೇಳಿ ಎಷ್ಟು ಗಡಗಡ ನಡುಗುತ್ತದೋ ಊಹಿಸಿಕೊಳ್ಳಿ.

ಜಾಹೀರಾತಿಗೆ ಟಿವಿ ಬಾಗಿಲು ಮುಚ್ಚಿತು. ಆದರೆ ಬಾಣಂತಿಯ ಮೊಬೈಲು ದಿಂಬಿನ ಕೆಳಗೇ ಇರುತ್ತದೆ. ಯಾವುದೋ ತಾಯಂದಿರ ಗುಂಪಿನಲ್ಲಿ ಯಾರೋ ಅಕ್ಕ ತನ್ನ ಮಗು ರಾತ್ರಿಯಿಡೀ ನಿದ್ದೆ ಮಾಡಿದ ಗುಟ್ಟನ್ನು ಹಂಚಿಕೊಳ್ಳುತ್ತಾಳೆ. ಆ ಗುಟ್ಟಿಗೆ ಒಂದು ಬ್ರ್ಯಾಂಡ್ ಇರುತ್ತದೆ. ಇತ್ತ ವಾರ್ಡಿನಲ್ಲಿ, ಸಿಸೇರಿಯನ್ ಆದ ತಾಯಿ ಮೂರನೇ ಮಹಡಿಯಲ್ಲಿ, ಕೂಸು ಒಂದನೇ ಮಹಡಿಯ ಎನ್‌ಐಸಿಯುನಲ್ಲಿ. ನಡುವೆ ಒಂದು ಲಿಫ್ಟು, ಒಬ್ಬ ಕಾವಲುಗಾರ, ಒಂದು ಭೇಟಿಯ ವೇಳೆ. ಮೊದಲ ದಿನ ಬರುವುದು ಚಮಚದಷ್ಟು ಹಳದಿ ಹಾಲು. ರೋಗದೊಂದಿಗೆ ಹೋರಾಡುವ ಅಂಶಗಳು ದಟ್ಟವಾಗಿ ತುಂಬಿರುವ ಹಾಲು ಅದು. ಒಳಲೆಯಲ್ಲಿ ನಾಲ್ಕು ಹನಿ ಹಾಕಿದರೂ ಕೂಸಿಗೆ ಅದು ಔಷಧ. ಆದರೆ ಹಾಸಿಗೆಯ ಸುತ್ತ ನೆರೆದ ಸಂಸತ್ತಿನಲ್ಲಿ ಸರ್ವಾನುಮತದ ಠರಾವು ಆಗಿಹೋಗುತ್ತದೆ: 'ಇವಳಿಗೆ ಹಾಲೇ ಬಂದಿಲ್ಲ.' ಅತ್ತೆ ಮಂಡಿಸುತ್ತಾರೆ, ಚಿಕ್ಕಮ್ಮ ಅನುಮೋದಿಸುತ್ತಾರೆ, ಗಂಡ ಕೆಳಗಿನ ಮೆಡಿಕಲ್ ಸ್ಟೋರಿಗೆ ಓಡುತ್ತಾನೆ. ಹಾಲು ಬಂದಿದೆಯೋ ಇಲ್ಲವೋ ಎಂದು ಯಾರೂ ಕೇಳದೆ ಇದ್ದವಳು ಒಬ್ಬಳೇ, ಹಾಸಿಗೆಯ ಮೇಲೆ ಮಲಗಿದವಳು.

ಸ್ಟೋರಿನಿಂದ ಬರುವ ಪುಡಿ ಹಾಲಿನ ಇನ್ನೊಂದು ಗುಣವನ್ನು ಆ ಸಂಸತ್ತಿಗೆ ಯಾರೂ ಹೇಳಿರುವುದಿಲ್ಲ. ಅದು ಕ್ರಿಮಿರಹಿತವಲ್ಲ. ಕ್ರೋನೊಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಒಣ ಪುಡಿಯಲ್ಲೂ ಬದುಕಿರಬಲ್ಲದು. ಹಸುಳೆಗಳ ಮಿದುಳಿಗೆ ನಂಜೇರಿಸಬಲ್ಲದು. 2001ರಲ್ಲಿ ಅಮೆರಿಕದ ಟೆನೆಸಿಯ ಒಂದು ಎನ್‌ಐಸಿಯುನಲ್ಲಿ ಪುಡಿ ಫಾರ್ಮುಲಾದಿಂದ ಈ ಸೋಂಕು ತಗಲಿದ ಮೇಲೆ, ಬೇರೆ ದಾರಿಯಿದ್ದರೆ ಇಂಥ ವಾರ್ಡುಗಳಲ್ಲಿ ಪುಡಿ ಬೇಡವೆಂದು ಎಫ್‌ಡಿಎ ಹೇಳಿತು. ಪುಡಿ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಆಮೇಲೆ ಆರಿಸಿ ಕುಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ನಮ್ಮಲ್ಲಿ ಫ್ಲಾಸ್ಕಿನ ನೀರು, ಬೆರಳಿನ ಥರ್ಮಾಮೀಟರು.

ಹಾಗಾದರೆ ಹಾಜರಿ ತರಿಸುವ ದಾರಿ ಯಾವುದು? ನಮ್ಮ ಜಾಣರು ಅದಕ್ಕೂ ಮಾರುಕಟ್ಟೆಯಲ್ಲೇ ಉತ್ತರ ಹುಡುಕಿದರು. ಬೆಂಗಳೂರಿನ ಕಂಪನಿಯೊಂದು ತಾಯಂದಿರ ಹಾಲನ್ನೇ ಸಂಗ್ರಹಿಸಿ, ಸಂಸ್ಕರಿಸಿ ಮಾರತೊಡಗಿತು. ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸ್ ರದ್ದಾಯಿತು. ಹೋಗಲಿ ಬಿಡಿ ಎಂದು 2021ರ ನವೆಂಬರ್‌ನಲ್ಲಿ ಆಯುಷ್ ಲೈಸೆನ್ಸ್ ಪಡೆಯಿತು. ನಿನ್ನೆ ಡೈರಿ ಸರಕಾಗಿದ್ದ ಎದೆಹಾಲು ಇವತ್ತು 'ನಾರೀಕ್ಷೀರ' ಎಂಬ ಆಯುರ್ವೇದ ಔಷಧ! 2022ರಲ್ಲಿ ಆ ಲೈಸೆನ್ಸೂ ರದ್ದಾಯಿತು. ಕೊನೆಗೆ 2024ರ ಮೇನಲ್ಲಿ ಪ್ರಾಧಿಕಾರ, ಮಾನವ ಹಾಲನ್ನು ಮಾರುವುದಕ್ಕೆ ಅನುಮತಿಯೇ ಇಲ್ಲವೆಂದು ದೇಶಕ್ಕೆಲ್ಲ ಸಾರಿ ಹೇಳಬೇಕಾಯಿತು. ಎಲ್ಲಿಯೂ ಇಲ್ಲದ ಹಾಲು ದುಡ್ಡಿನ ವಾಸನೆ ಬಿದ್ದೊಡನೆ ಎಷ್ಟು ಚೆನ್ನಾಗಿ ಹಾಜರಾಗುತ್ತದೆ ನೋಡಿ.

ದುಡ್ಡಿಲ್ಲದೆಯೂ ಹಾಜರಾಗಿದೆ. 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ತೆರೆದರು. ಧಾರಾವಿಯ ಪಕ್ಕದ ಮಹಾನಗರ ಪಾಲಿಕೆ ಆಸ್ಪತ್ರೆ, ಬಡ ತಾಯಂದಿರು, ದಾನದ ಹಾಲು. ಅದನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ತಣ್ಣಗಿಟ್ಟರೆ ಮುಗಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರಿ ವ್ಯವಸ್ಥೆಯೊಂದಿಗೇ ಸೇರಿ ಕಾಂಗರೂ ಆರೈಕೆಯನ್ನು ಊರೂರಿಗೆ ಮುಟ್ಟಿಸಲು ಯತ್ನಿಸಿತು: ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಕಟ್ಟುವುದು, ಹಾಲು ಪಕ್ಕದಲ್ಲೇ ಇರುವುದು. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಹುಟ್ಟಿದ ಗಳಿಗೆಯಿಂದಲೇ ಇದನ್ನು ಶುರುಮಾಡಿ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸಾವು ಶೇ 25ರಷ್ಟು ತಗ್ಗಿತ್ತು. ಅದಕ್ಕಾಗಿ ಅವರು ಮಾಡಿದ ಮಹಾ ತಂತ್ರಜ್ಞಾನವೆಂದರೆ, ಕೂಸಿನ ವಾರ್ಡಿನೊಳಗೆ ತಾಯಿಗೂ ಒಂದು ಹಾಸಿಗೆ.

ತಾಯಂದಿರ ಮೇಲೆ ಗೂಬೆ ಕೂರಿಸುವವರು ದಯವಿಟ್ಟು ಇಲ್ಲಿ ನಿಲ್ಲಬೇಕು. ಡಬ್ಬಿ ಹಾಲು ಕುಡಿಸಿದವಳು ತಪ್ಪಿತಸ್ಥಳಲ್ಲ. ಅವಳ ಮುಂದೆ ಇಟ್ಟದ್ದು ಅದೊಂದನ್ನೇ. ಎನ್‌ಐಸಿಯುನಿಂದ ಹೊರಬರುವ ಬಿಲ್ಲನ್ನು ಒಮ್ಮೆ ಓದಿ ನೋಡಿ. ವೆಂಟಿಲೇಟರಿಗೆ ಒಂದು ಸಾಲು, ಹತ್ತಿಗೆ ಒಂದು ಸಾಲು, ಕೈಗವಸಿಗೆ, ಸೂಜಿಗೆ, ಡಬ್ಬಿ ಹಾಲಿಗೆ ಒಂದೊಂದು ಸಾಲು. ಬಾಣಂತಿಯ ಪಕ್ಕ ಅರ್ಧ ಗಂಟೆ ಕುಳಿತು ಹಾಲು ಹಿಂಡುವುದನ್ನು ಹೇಳಿಕೊಡುವ ನರ್ಸಿಗೆ ಮಾತ್ರ ಅಲ್ಲಿ ಸಾಲಿಲ್ಲ. ಬಿಲ್ಲಿನಲ್ಲಿ ಸಾಲಿಲ್ಲದ ಕೆಲಸವನ್ನು ಯಾವ ಆಸ್ಪತ್ರೆ ಮಾಡಿಸೀತು? ಗೈರುಹಾಜರಿಯ ವಿಳಾಸ ಬೇಕಾದ ಕೋರ್ಟುಗಳು, ಸಂಸ್ಥೆಗಳು, ಸರ್ಕಾರಗಳು ಆ ಬಿಟ್ಟುಹೋದ ಸಾಲನ್ನು ಮೊದಲು ತುಂಬಲಿ. ಉಳಿದ ಪುರಾವೆಯನ್ನು ಆಮೇಲೆ ನಿಧಾನವಾಗಿ ಚರ್ಚಿಸೋಣ.